ಡ್ರೋನ್ ಸಿಂಪರಣೆ: ಹಾರಿಸುವವರ ಅರ್ಹತೆ ಮತ್ತು ಹೊಣೆ

ಬೇಮಳಖೇಡ ಭಾಗದಲ್ಲಿ ಹೂವಿಗೆ ಬಂದ ತೊಗರಿಯ ಸಾಲಿನಲ್ಲಿ ನಡೆದು ಔಷಧಿ ಹೊಡೆಯುವುದು ಕಷ್ಟ. ಬಾಡಿಗೆ ಡ್ರೋನ್ ಅನುಕೂಲವೇ ಸರಿ. ಆದರೆ ಹಾರಿಸುವವನ ಪ್ರಮಾಣಪತ್ರವನ್ನು ರೈತರು ಮೊದಲು ಕೇಳಿ ನೋಡಬೇಕು.

2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನ ಡ್ರೋನಿಗೆ, ಹಾಗೂ ಹವ್ಯಾಸಕ್ಕಾಗಿ ಹಾರಿಸುವ 2 ಕಿಲೋವರೆಗಿನದಕ್ಕೆ ಪ್ರಮಾಣಪತ್ರ ಬೇಕಿಲ್ಲ. ಅದೇ 2 ಕಿಲೋ ಯಂತ್ರದಿಂದ ಮದುವೆಯ ಚಿತ್ರ ತೆಗೆದು ಹಣ ಪಡೆದರೆ ಬೇಕು. 10 ಲೀಟರ್ ಸಿಂಪರಣಾ ಡ್ರೋನಿನಲ್ಲಿ ದ್ರಾವಣದ ತೂಕವೇ ಸುಮಾರು 10 ಕಿಲೋ; ಸ್ವಂತ ಹೊಲದಲ್ಲಿ ಹಾರಿಸಿದರೂ ವಿನಾಯಿತಿಯಿಲ್ಲ. 18 ವರ್ಷ ತುಂಬಿ, ಹತ್ತನೇ ತರಗತಿ ಪಾಸಾದವರು ಮಾನ್ಯತೆ ಪಡೆದ ಕೇಂದ್ರದಲ್ಲಿ ತರಬೇತಿ ಪಡೆಯಬೇಕು. ಮೂರನೆಯವರ ವಿಮೆಯೂ ಇರಬೇಕು.

ಬೀದರಿನಲ್ಲಿ ವಾಯುಪಡೆಯ ನೆಲೆಯಿದೆ. ಆದ್ದರಿಂದ ಡಿಜಿಟಲ್ ಸ್ಕೈ ನಕ್ಷೆ ನೋಡದೆ ಹವ್ಯಾಸಿಯೂ ಹಾರಿಸಬಾರದು. ಸಿಂಪರಣೆಯ ಹಿಂದಿನ ದಿನವೇ ಗ್ರಾಮ ಪಂಚಾಯಿತಿಗೂ ಪಕ್ಕದ ಹೊಲದವರಿಗೂ ತಿಳಿಸಬೇಕು. ಗಾಳಿ ಜೋರಾದರೆ, ಬಾಡಿಗೆಯವನು ಎಷ್ಟೇ ಅವಸರ ಮಾಡಲಿ, ಕೆಲಸ ನಿಲ್ಲಿಸಬೇಕು.