ಹಾಥಾರ್ನ್ ಕಾರ್ಖಾನೆ ಮತ್ತು ನನ್ನ ಎಂಟನೇ ತರಗತಿ

ಅಭ್ಯಾಸ ಬೋಧನೆಯ ಮೊದಲ ಐದು ಪಾಠಗಳಲ್ಲಿ ಮಾರ್ಗದರ್ಶಕ ಮೇಡಂ ಕೊನೆಯ ಬೆಂಚಿನಲ್ಲಿ ಕುಳಿತಿದ್ದರು. ಪ್ರಶ್ನೆ ಕೇಳಿದರೆ ತರಗತಿಯ ಅರ್ಧಕ್ಕಿಂತ ಹೆಚ್ಚು ಕೈಗಳು ಏಳುತ್ತಿದ್ದವು. ಆರನೆಯ ಪಾಠ ‘ಘರ್ಷಣೆ’. ಅಂದು ಮೇಡಂ ಬಂದಿರಲಿಲ್ಲ. ಎದ್ದದ್ದು ನಾಲ್ಕೇ ಕೈ. ನಾನೂ ಬದಲಾಗಿದ್ದೆ: ಪಾಠಯೋಜನೆಯಲ್ಲಿದ್ದ ಚಟುವಟಿಕೆಯನ್ನು ಬಿಟ್ಟು, ವ್ಯಾಖ್ಯೆ ಬರೆಸಿ ಪಾಠ ಮುಗಿಸಿದೆ.

ಇದನ್ನು ಅರ್ಥಮಾಡಿಕೊಳ್ಳಲು ನನಗೆ ನೆರವಾದದ್ದು ಕೆಲಸದ ಸ್ಥಳದಲ್ಲಿ ಮಾನವ ವರ್ತನೆ ಕುರಿತ ಹಾಥಾರ್ನ್ ಅಧ್ಯಯನಗಳು.

ಅಧ್ಯಯನದ ಹಿನ್ನೆಲೆ

ಅಮೆರಿಕದ ಶಿಕಾಗೊ ಬಳಿ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಹಾಥಾರ್ನ್ ಕಾರ್ಖಾನೆಯಿತ್ತು. ಬೆಳಕು ಹೆಚ್ಚಿದರೆ ಉತ್ಪಾದನೆ ಹೆಚ್ಚುತ್ತದೆಯೇ ಎಂದು ತಿಳಿಯಲು 1924ರಲ್ಲಿ ಅಲ್ಲಿ ಪ್ರಯೋಗ ಆರಂಭವಾಯಿತು. ಎರಡಕ್ಕೂ ನೇರ ಸಂಬಂಧ ಸಿಗಲಿಲ್ಲ. 1927ರಿಂದ ಟೆಲಿಫೋನ್ ರಿಲೇ ಜೋಡಿಸುವ ಐವರು ಮಹಿಳೆಯರನ್ನು ಪ್ರತ್ಯೇಕ ಕೊಠಡಿಯಲ್ಲಿ ಗಮನಿಸಲಾಯಿತು. ವಿರಾಮ ಮತ್ತು ಕೆಲಸದ ಅವಧಿಯನ್ನು ಬದಲಿಸುತ್ತಾ ಹೋದಂತೆ ಉತ್ಪಾದನೆ ಒಟ್ಟಾರೆ ಏರಿತು. ತಮ್ಮನ್ನು ಗಮನಿಸುತ್ತಿದ್ದಾರೆ ಎಂಬ ಅರಿವೇ ವರ್ತನೆಯನ್ನು ಬದಲಿಸುವುದಕ್ಕೆ ಮುಂದೆ ‘ಹಾಥಾರ್ನ್ ಪರಿಣಾಮ’ ಎಂಬ ಹೆಸರು ಬಂತು. ಕೂಲಿಯ ಪದ್ಧತಿಯೂ ಬದಲಾಗಿತ್ತಾದ್ದರಿಂದ ಈ ವಿವರಣೆಯನ್ನು ಹಲವರು ಪ್ರಶ್ನಿಸಿದ್ದಾರೆ.

1931–32ರಲ್ಲಿ ತಂತಿ ಜೋಡಿಸುವ 14 ಗಂಡಸರ ಅಧ್ಯಯನ ನಡೆಯಿತು. ಹೆಚ್ಚು ತಯಾರಿಸಿದರೆ ಹೆಚ್ಚು ಹಣ ಸಿಗುತ್ತಿತ್ತು, ವೀಕ್ಷಕರೂ ಕೊಠಡಿಯಲ್ಲೇ ಇದ್ದರು. ಆದರೂ ಗುಂಪು ತಾನೇ ಒಂದು ಮಿತಿ ಹಾಕಿಕೊಂಡಿತ್ತು. ಅದನ್ನು ಮೀರಿದವರನ್ನು ಹಂಗಿಸುತ್ತಿದ್ದರು, ತೋಳಿಗೆ ಗುದ್ದುತ್ತಿದ್ದರು.

ತರಗತಿಯಲ್ಲಿ ಕಂಡದ್ದು

ನೋಟ್ ಪುಸ್ತಕದಲ್ಲಿ ಸರಿಯುತ್ತರ ಬರೆದಿದ್ದ ಹುಡುಗನೊಬ್ಬ ಕೈ ಎತ್ತಿರಲಿಲ್ಲ. ಪಾಠದ ನಂತರ ಕಾರಣ ಕೇಳಿದೆ. “ಕೈ ಎತ್ತಿದ್ರೆ ಇವರೆಲ್ಲ ‘ದೊಡ್ಡ ಸೈಂಟಿಸ್ಟ್’ ಅಂತಾರೆ ಮಿಸ್” ಎಂದ. ಅವನ ಮೌನವನ್ನು ನಾನು ‘ಗೊತ್ತಿಲ್ಲ’ ಎಂದು ಓದಿದ್ದೆ. ಅದು ಗುಂಪಿನ ಮಿತಿಯಾಗಿತ್ತು.

ಮಾಡಿಕೊಂಡ ಬದಲಾವಣೆ

ಮುಂದಿನ ಪಾಠದಲ್ಲಿ ಬಿಟ್ಟುಹೋದ ಚಟುವಟಿಕೆಯನ್ನು ಮಾಡಿಸಿದೆ: ಬೆಂಕಿಪೊಟ್ಟಣವನ್ನು ನುಣುಪು ಮೇಜಿನ ಮೇಲೂ ಮರಳು ಕಾಗದದ ಮೇಲೂ ರಬ್ಬರ್ ಬ್ಯಾಂಡಿನಿಂದ ಎಳೆಯುವುದು. ಎಲ್ಲರೂ ಚೀಟಿಯಲ್ಲಿ ಉತ್ತರ ಬರೆದು, ಪಕ್ಕದವರೊಂದಿಗೆ ಹೋಲಿಸಿದರು. ನಂತರ ಬೆಂಚಿನ ಪರವಾಗಿ ಒಬ್ಬರು ಹೇಳಿದರು. ಆ ಹುಡುಗ ತನ್ನ ಬೆಂಚಿನ ಉತ್ತರ ಹೇಳಿದ. ಯಾರೂ ನಗಲಿಲ್ಲ.

ಎರಡು ಪಾಠಗಳಿಂದ ತೀರ್ಮಾನಕ್ಕೆ ಬರಲಾಗದು. ಆದರೆ ಮೇಡಂ ಇಲ್ಲದ ದಿನ ನಾನು ಚಟುವಟಿಕೆ ಬಿಟ್ಟದ್ದನ್ನು ಪಾಠದ ದಾಖಲೆಯಲ್ಲಿ ಬರೆದು ಅವರಿಗೆ ತೋರಿಸಿದೆ. ಕೆಲಸಕ್ಕೆ ಸೇರಿದ ಮೇಲೆ ನಮ್ಮ ಹೆಚ್ಚಿನ ಪಾಠಗಳನ್ನು ಮಕ್ಕಳಲ್ಲದೆ ಬೇರಾರೂ ನೋಡುವುದಿಲ್ಲ. ಸಹಪಾಠಿಗಳೇ, ಯಾರೂ ವೀಕ್ಷಿಸದ ಪಾಠವನ್ನೂ ದಾಖಲಿಸಿಕೊಳ್ಳೋಣ.