ರೆಕಾರ್ಡ್ ಬುಕ್ಕಿನಲ್ಲಿ 9.8 ಬರಲೇಬೇಕೆ?

ಪ್ರಶ್ನೆ: ಈ ವರ್ಷ ಬಿ.ಎಸ್ಸಿ.ಗೆ ಸೇರಿದ್ದೇನೆ. ಸರಳ ಲೋಲಕದ ಪ್ರಯೋಗದಲ್ಲಿ ಗುರುತ್ವ ವೇಗೋತ್ಕರ್ಷ, ಅಂದರೆ ‘ಜಿ’ ಬೆಲೆ, ನನಗೆ 9.68 ಬಂತು. ಗೆಳತಿಯರು ರೀಡಿಂಗ್ ತಿದ್ದಿ 9.8 ಮಾಡಿಕೊಂಡರು. ನಾನೂ ತಿದ್ದಬೇಕೆ?
– ವಿದ್ಯಾರ್ಥಿನಿ, ಹಾವೇರಿ

ಉತ್ತರ: ಖಂಡಿತ ಬೇಡ. ಆ 9.68 ನೀವೇ ಅಳೆದು ಪಡೆದದ್ದು. ಅದು ಯಾಕೆ ಹಾಗೆ ಬಂತೆಂದು ಹುಡುಕುವುದೇ ನಿಮ್ಮ ಮೊದಲ ಭೌತಶಾಸ್ತ್ರ.

ಮೊದಲು ಉದ್ದ ನೋಡಿ. ದಾರವನ್ನು ಗುಂಡಿನ ಕೊಕ್ಕೆಯವರೆಗೆ ಅಳೆದಿರೋ, ಗುಂಡಿನ ಕೇಂದ್ರದವರೆಗೋ? ಗುಂಡಿನ ವ್ಯಾಸ 2 ಸೆಂ.ಮೀ. ಇದ್ದು ತ್ರಿಜ್ಯ ಸೇರಿಸಲು ಮರೆತರೆ, ಒಂದು ಮೀಟರ್ ಲೋಲಕದಲ್ಲಿ 1 ಸೆಂ.ಮೀ. ತಪ್ಪುತ್ತದೆ. ‘ಜಿ’ಯೂ ಶೇ 1ರಷ್ಟು ಇಳಿಯುತ್ತದೆ. ನಮ್ಮ ಸೀಮೆಯಲ್ಲಿ ‘ಜಿ’ ಸುಮಾರು 9.78. ಶೇ 1 ಕಳೆಯಿರಿ, 9.68 ಆಯಿತು! ನಾಲ್ಕೈದು ಬೇರೆ ಬೇರೆ ಉದ್ದಗಳಿಗೆ ಅಳೆದು, ಉದ್ದಕ್ಕೂ ಆವರ್ತಕಾಲದ ವರ್ಗಕ್ಕೂ ಗ್ರಾಫ್ ಹಾಕಿ ನೋಡಿ. ತ್ರಿಜ್ಯ ಬಿಟ್ಟುಹೋಗಿದ್ದರೆ ಗೆರೆ ಮೂಲಬಿಂದುವಿನಿಂದ ಚೂರು ಸರಿದಿರುತ್ತದೆ, ಆದರೆ ಅದರ ಇಳಿಜಾರು ಬದಲಾಗುವುದಿಲ್ಲ. ಇಳಿಜಾರಿನಿಂದ ಲೆಕ್ಕ ಹಾಕಿದ ‘ಜಿ’ಗೆ ಆ ಮರೆವು ತಟ್ಟುವುದೇ ಇಲ್ಲ. ಗ್ರಾಫ್ ಹಾಕಿಸುವುದು ಯಾಕೆಂದು ಈಗ ತಿಳಿಯಿತಲ್ಲ!

ಉದ್ದ ಸರಿಯಿದ್ದರೆ ಕಾಲದ ಕಡೆ ತಿರುಗಿ. ಸ್ಟಾಪ್‌ವಾಚ್ ಒತ್ತುವಾಗ ಬೆರಳು 0.2 ಸೆಕೆಂಡ್ ಹಿಂದೆಮುಂದೆ ಆಗಬಹುದು. ಮೀಟರ್ ಲೋಲಕದ ಒಂದು ಆಂದೋಲನಕ್ಕೆ 2 ಸೆಕೆಂಡ್. ಒಂದನ್ನೇ ಅಳೆದರೆ ದೋಷ ಶೇ 10. ಇಪ್ಪತ್ತನ್ನು ಒಟ್ಟಿಗೆ ಅಳೆದರೆ ಶೇ 0.5. ಸೂತ್ರದಲ್ಲಿ ಕಾಲದ ವರ್ಗ ಇರುವುದರಿಂದ ‘ಜಿ’ಯಲ್ಲಿ ಅದು ಶೇ 1 ಆಗುತ್ತದೆ. ಹಾಗಾಗಿ ರೆಕಾರ್ಡಿನಲ್ಲಿ ‘9.68, 0.1ರಷ್ಟು ಹೆಚ್ಚುಕಡಿಮೆ’ ಎಂದು ಬರೆಯಿರಿ. 9.78 ಅದರ ಅಂಚಿನಲ್ಲೇ ಇದೆ. ತಿದ್ದಿ ಬರೆದ 9.8ಕ್ಕಿಂತ ಇದು ಎಷ್ಟೋ ಮೇಲು. ಅಂಕ ಕಳೆಯುತ್ತಾರೆ ಎಂಬ ಭಯವಿದ್ದರೆ ಈ ಲೆಕ್ಕವನ್ನೇ ಮೇಷ್ಟ್ರಿಗೆ ತೋರಿಸಿ.

ಪ್ರಶ್ನೆ: ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಈಗ ಭೌತಶಾಸ್ತ್ರದ ಕ್ಲಾಸಿನಲ್ಲಿ ಇಂಗ್ಲಿಷೂ ಗಣಿತವೂ ಒಟ್ಟಿಗೆ ಮೈಮೇಲೆ ಬೀಳುತ್ತವೆ.
– ವಿದ್ಯಾರ್ಥಿ, ಸಿಂಧನೂರು

ಉತ್ತರ: ಎರಡನ್ನೂ ಬೇರೆ ಮಾಡಿಕೊಳ್ಳಿ. ಉದಾಹರಣೆಗೆ, ತಲೆಯ ಮೇಲೆ ತುಂಬಿದ ಕೊಡ ಹೊತ್ತು ಅಲ್ಲಾಡದೆ ನಿಂತವಳು ಕೊಡದ ಮೇಲೆ ಕೆಲಸ ಮಾಡಿಲ್ಲ ಎನ್ನುತ್ತದೆ ಭೌತಶಾಸ್ತ್ರ. ಕೊಡ ಸರಿಯದ ಮೇಲೆ ಬಲ ಎಷ್ಟಿದ್ದರೂ ಕೆಲಸ ಸೊನ್ನೆ. ಈ ಮಾತು ಇಂಗ್ಲಿಷ್ ಮಾಧ್ಯಮದವರಿಗೂ ಮೊದಲು ವಿಚಿತ್ರವೇ. ಕಷ್ಟ ಇರುವುದು ವ್ಯಾಖ್ಯೆಯಲ್ಲಿ. ಅದನ್ನು ಕನ್ನಡದಲ್ಲೇ ಯೋಚಿಸಿ ಜೀರ್ಣಿಸಿಕೊಳ್ಳಿ, ಇಂಗ್ಲಿಷ್ ಪದ ಆಮೇಲೆ ತಾನಾಗಿ ಅಂಟುತ್ತದೆ.

ಗಣಿತಕ್ಕೆ ಮಾತ್ರ ರಿಯಾಯಿತಿ ಇಲ್ಲ. ಅವಕಲನ, ಅನುಕಲನ, ಸದಿಶಗಳು ಕೈಗೆ ಕೂರಬೇಕು. ದಿನಕ್ಕೊಂದು ಸೂತ್ರದ ವ್ಯುತ್ಪತ್ತಿಯನ್ನು ಓದಿ, ಪುಸ್ತಕ ಮುಚ್ಚಿ, ಬಿಳಿ ಹಾಳೆಯ ಮೇಲೆ ಮತ್ತೆ ಬರೆಯಿರಿ. ಎಲ್ಲಿ ಕೈ ನಿಂತಿತೋ ಅದೇ ನಾಳೆ ಮೇಷ್ಟ್ರಿಗೆ ಕೇಳಬೇಕಾದ ಪ್ರಶ್ನೆ.

ಪ್ರಶ್ನೆ: ಮಗಳು ಬಿ.ಎಸ್ಸಿ.ಗೆ ಸೇರಿದ್ದಾಳೆ. ಮುಂದೇನು ಎಂಬ ಚಿಂತೆ. ಈಗಿನಿಂದಲೇ ಜ್ಯಾಮ್ ಪರೀಕ್ಷೆಗೆ ಕೋಚಿಂಗ್ ಸೇರಿಸಲೇ?
– ತಂದೆ, ತುಮಕೂರು

ಉತ್ತರ: ಐಐಟಿಗಳ ಎಂ.ಎಸ್ಸಿ.ಗೂ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಇಂಟಿಗ್ರೇಟೆಡ್ ಪಿಎಚ್.ಡಿ.ಗೂ ಜ್ಯಾಮ್ ಒಂದು ದಾರಿ, ನಿಜ. ಆದರೆ ಅದಕ್ಕೆ ಕೂರುವುದು ಪದವಿಯ ಕೊನೆಯ ವರ್ಷದಲ್ಲಿ. ಈಗ ಎಚ್.ಸಿ. ವರ್ಮಾ ಅವರ ಭೌತಶಾಸ್ತ್ರ ಪುಸ್ತಕದ ಎರಡು ಸಂಪುಟಗಳ ಲೆಕ್ಕಗಳನ್ನು ಬಿಡಿಸಲಿ, ಆಮೇಲೆ ಕ್ಲೆಪ್ನರ್-ಕೊಲೆಂಕೊ ಅವರ ಯಂತ್ರಶಾಸ್ತ್ರಕ್ಕೆ ಕೈಹಾಕಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ 1996ರಿಂದ ತರುತ್ತಿರುವ ‘ರೆಸೊನೆನ್ಸ್’ ಪತ್ರಿಕೆ ಇಂಥ ವಿದ್ಯಾರ್ಥಿಗಳಿಗಾಗಿಯೇ ಇದೆ, ಆನ್‌ಲೈನಿನಲ್ಲಿ ಉಚಿತ. ಮೊದಲ ವರ್ಷ ಕೋಚಿಂಗ್ ಬೇಡ. ಆ ದುಡ್ಡಿನಲ್ಲಿ ಪುಸ್ತಕ ಕೊಡಿಸಿ, ಸಂಜೆ ಎರಡು ಗಂಟೆ ಯಾರೂ ಕರೆಯದ ಹಾಗೆ ಓದಲು ಬಿಡಿ.