ಅಂಕ ಕಡಿಮೆ ಬಂದ ಮಾತ್ರಕ್ಕೆ ಮರೆವಿನ ಕಾಯಿಲೆಯಲ್ಲ

ಎರಡನೇ ತರಗತಿವರೆಗೆ ಮಾತ್ರ ಓದಿರುವ ನಿಮ್ಮ ತಾಯಿಗೆ ನೆನಪಿನ ಪರೀಕ್ಷೆಯಲ್ಲಿ 30ಕ್ಕೆ 19 ಅಂಕ ಬಂದಿತೆಂದು ಎದೆಗುಂದಬೇಡಿ. 1975ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಈ ಎಂಎಂಎಸ್‌ಇ ಪರೀಕ್ಷೆಯಲ್ಲಿ ಒಂದು ವಾಕ್ಯ ಬರೆಯಬೇಕು, ಕಾಗದದಲ್ಲಿರುವುದನ್ನು ಓದಿ ಅದರಂತೆ ಮಾಡಬೇಕು, ನೂರರಿಂದ ಏಳೇಳು ಕಳೆಯುತ್ತ ಹೋಗಬೇಕು, ಒಂದರ ಮೇಲೊಂದು ಹಾಯುವ ಪಂಚಭುಜಗಳನ್ನು ನೋಡಿ ಬಿಡಿಸಬೇಕು. ಪೆನ್ನು ಹಿಡಿದು ರೂಢಿಯಿಲ್ಲದವರು ಇಲ್ಲೆಲ್ಲ ಅಂಕ ಕಳೆದುಕೊಳ್ಳುತ್ತಾರೆ. ಅದು ಮಿದುಳು ಸವೆದದ್ದರ ಗುರುತಾಗಿರಬೇಕಿಲ್ಲ, ಶಾಲೆ ಸಿಗದೆ ಹೋದದ್ದರ ಗುರುತೂ ಆಗಿರಬಹುದು. ಹರಿಯಾಣದ ಬಲ್ಲಭಗಢದ ಹಳ್ಳಿಗರಿಗಾಗಿ 1990ರ ದಶಕದಲ್ಲಿ ಓದುಬರಹ ಬೇಡದ ಹಿಂದಿ ಪರೀಕ್ಷೆ ಸಿದ್ಧಪಡಿಸಿದ್ದು ಈ ಕಾರಣಕ್ಕೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ರೂಪಿಸಿದ ಪರೀಕ್ಷೆಗಳ ಗುಚ್ಛ ಈಗ ಕನ್ನಡದಲ್ಲೂ ಇದೆ. ನರರೋಗ ತಜ್ಞರಲ್ಲಿ ಅದನ್ನು ಕೇಳಿ.

ಹಾಗಾದರೆ ಪರೀಕ್ಷೆಯೇ ವ್ಯರ್ಥವೇ ಎಂದು ನೀವು ಕೇಳಬಹುದು. ಖಂಡಿತ ಅಲ್ಲ. ಇಂದಿನ ಅಂಕವನ್ನು ಬರೆದಿಟ್ಟುಕೊಂಡರೆ, ಆರು ತಿಂಗಳೋ ವರ್ಷವೋ ಕಳೆದು ಅದೇ ಪರೀಕ್ಷೆ ಮಾಡಿಸಿದಾಗ ಇಳಿತ ಗೊತ್ತಾಗುತ್ತದೆ. ಒಂಟಿ ಅಂಕಕ್ಕಿಂತ ಆ ಇಳಿತ ಹೆಚ್ಚು ಹೇಳುತ್ತದೆ. ತುಂಬ ಓದಿದವರಲ್ಲಿ ಕಾಯಿಲೆ ಶುರುವಾಗಿದ್ದರೂ ಅಂಕ ಚೆನ್ನಾಗಿಯೇ ಬರಬಹುದು ಎಂಬುದನ್ನೂ ಮರೆಯಬಾರದು. ಆದ್ದರಿಂದ ಮನೆಯವರ ಮಾತು ಬಹಳ ಮುಖ್ಯ: ದುಡ್ಡಿನ ಲೆಕ್ಕ ತಪ್ಪುತ್ತಿದೆಯೇ, ದಿನಾ ಮಾಡುವ ಅಡುಗೆಯ ಕ್ರಮ ಕೈಬಿಡುತ್ತಿದೆಯೇ, ಗೊತ್ತಿರುವ ಬೀದಿಯಲ್ಲಿ ದಾರಿ ತೋಚುತ್ತಿಲ್ಲವೇ? ಇದೆಲ್ಲ ಯಾವಾಗ ಶುರುವಾಯಿತೆಂದು ವೈದ್ಯರಿಗೆ ಹೇಳಿ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ಮಂದ ಕಿವಿ, ನಿದ್ದೆಮಾತ್ರೆ ಇವೂ ಮರೆವು ತರುತ್ತವೆ, ಇವಕ್ಕೆ ಪರಿಹಾರವೂ ಇದೆ. ವೈದ್ಯರ ಬಳಿ ಹೋಗುವಾಗ ತಾಯಿ ನುಂಗುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ.